ಒದ್ದೆ ಕೈಯವರ ಸಂಘ

ಆ ಮಾತಿಲ್ಲದ ಹೆಂಗಸು ಕಂಪನಿ ಕಡೆಯವಳು ಎಂಬುದರಲ್ಲಿ ದರ್ಜಿಯಮ್ಮನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹನ್ನೊಂದು ಜನ ಸೂರು ಹಾರಿಹೋಗುವಂತೆ ಕೂಗಾಡುತ್ತಿರುವಾಗ ಒಬ್ಬಳು ಮಾತ್ರ ಮೂಲೆಯ ಸ್ಟೂಲಿನ ಮೇಲೆ ಕೂತು ಎಲ್ಲರ ಮಾತನ್ನೂ ಕಿವಿಗೆ ತುಂಬಿಕೊಳ್ಳುತ್ತಿದ್ದರೆ ಬೇರೇನೆಂದು ತಿಳಿಯಬೇಕು?

ದರ್ಜಿಯಮ್ಮ ಸಾಮಾನ್ಯಳಲ್ಲ. ಅವಳು ಹಾಕಿದ ಹೊಲಿಗೆ ಬಿಚ್ಚಬೇಕಾದರೆ ಬಟ್ಟೆಗೇ ಬೆಂಕಿ ಇಡಬೇಕು ಎಂದು ಇಡೀ ಊರು ಹೇಳುತ್ತಿತ್ತು; ಕಡೇಪಕ್ಷ ಅರ್ಧ ಊರು. ಈಗ ಅವಳ ಬಲಗೈಯ ಮೂರು ಬೆರಳು ಮರಗಟ್ಟಿದ್ದವು. ಸೂಜಿ ಚುಚ್ಚಿದರೆ ರಕ್ತ ಬರುತ್ತಿತ್ತು, ನೋವು ಬರುತ್ತಿರಲಿಲ್ಲ. ಬಟ್ಟೆ ಕೆಂಪಾದ ಮೇಲೆಯೇ ಚುಚ್ಚಿದ್ದು ತಿಳಿಯುವುದು. ಬೆರಳಿನ ಜೋಮು ಮೆಲ್ಲಗೆ ಒಳಕ್ಕೂ ಇಳಿದಿತ್ತು. ಅಕ್ಕನ ಮಗಳಿಗೆ ಗಂಡು ಗೊತ್ತಾಯಿತು ಎಂದಾಗ "ಹೌದಾ" ಎಂದಳು. ಇಪ್ಪತ್ತು ವರ್ಷದ ಗಿರಾಕಿ ಎದುರಿನ ಅಂಗಡಿಗೆ ಹೋದಾಗಲೂ ಅದೇ "ಹೌದಾ".

ಹೊಸ ಇಸ್ತ್ರಿ ಪೆಟ್ಟಿಗೆ ತಂದ ವಾರಕ್ಕೇ ಅದರ ಹಿಡಿ ಝುಮ್ ಎಂದಿತ್ತು. ಕಂಪನಿಗೆ ಫೋನು ಮಾಡಿದಳು. ಜೇನು ಸವರಿದಂಥ ಹೆಣ್ಣು ದನಿಯೊಂದು ಹೆಸರು, ವಿಳಾಸ ಬರೆದುಕೊಂಡಿತು. "ನಿಮ್ಮದೇ ಮೊದಲನೇ ದೂರು ಮೇಡಂ. ಕೈ ಒದ್ದೆ ಇತ್ತೇನೋ. ಒರೆಸ್ಕೊಂಡು ಉಪಯೋಗಿಸಿ."

ಒರೆಸಿಕೊಂಡು ಉಪಯೋಗಿಸಿದಳು. ಹತ್ತನೆಯ ದಿನ ಪೆಟ್ಟಿಗೆ ಅವಳನ್ನು ಕಚ್ಚಿ ಹಿಡಿಯಿತು. ಸ್ವಿಚ್ಚು ಆರಿಸಿ ಬಿಡಿಸಿದ್ದು ಅವಳ ತಮ್ಮ. ಬಿಡಿಸಿದ ಮರುಗಳಿಗೆಯಿಂದ ಅವನದೂ ಅದೇ ರಾಗ: "ಒದ್ದೆ ಕೈಯಲ್ಲಿ ಮುಟ್ಟಿದ್ರೆ ಇನ್ನೇನಾಗತ್ತೆ ಅಕ್ಕಾ?"

ಕೇಳಿ ಕೇಳಿ ಅವಳಿಗೂ ಹಾಗೆಯೇ ಅನ್ನಿಸತೊಡಗಿತು. ಅನ್ನ ಕೊಡುವ ಕೈಯನ್ನು ತಾನೇ ಕೊಂದುಕೊಂಡೆನೇ? ಕೈ ನಿಜವಾಗಿಯೂ ಒದ್ದೆಯಿತ್ತೇ? ಬೆರಳು ಹೋದರೆ ಹೋಗಲಿ, ಅದೊಂದು ತಿಳಿದರೆ ಸಾಕಿತ್ತು.

ಆಗ ಬಂತು ಒಂದು ಕಾರ್ಡು. ಟೈಪು ಮಾಡಿದ್ದು, ಸಹಿಯಿಲ್ಲದ್ದು. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಅಂಗಡಿ ತೆರೆದಿಡಿ, ಇಸ್ತ್ರಿ ಪೆಟ್ಟಿಗೆಯ ವಿಷಯ, ಇಷ್ಟೇ. ತೆರೆದಿಟ್ಟಳು. ಹತ್ತು ಜನ ಬಂದರು. ಹತ್ತೂ ಜನರ ಕೈಯಲ್ಲಿ ಅವಳ ಅಂಗಡಿಯ ದಾರಿ ಹೇಳುವ ಅಂಥದೇ ಕಾರ್ಡು. ಕಳಿಸಿದ್ದು ಅವಳೇ ಎಂದುಕೊಂಡು ಬಂದಿದ್ದರು. ಅಂಗಡಿಯೋ, ಬಾಗಿಲಲ್ಲಿ ನಿಂತವನು ಸೀನಿದರೆ ಹಿಂದಿನ ಗೋಡೆಯಲ್ಲಿರುವವನ ಕನ್ನಡಕ ಹಾರಬೇಕು, ಅಷ್ಟು ಚಿಕ್ಕದು.

ಮೊದಲು ಬಾಯಿಬಿಟ್ಟವನು ಲಾಂಡ್ರಿಯವನು. "ನನ್ನನ್ನ ಎತ್ತಿ ಗೋಡೆಗೆ ಅಂಟಿಸ್ಬಿಡ್ತು ರೀ! ನನ್ನ ಹೆಂಡ್ತಿ ಕ್ಯಾಲೆಂಡರ್ ಅಂದ್ಕೊಂಡು ತಾರೀಕು ನೋಡೋಕೆ ಬಂದ್ಲು!" ಆಮೇಲೆ ಕತ್ತು ಓರೆ ಮಾಡಿ ಫೋನಿನ ದನಿಯನ್ನು ಅಣಕಿಸಿದ: "ನಿಮ್ಮದೇ ಮೊದಲನೇ ದೂರು ಸಾರ್..."

ಮಿಕ್ಕವರು ಒಟ್ಟಿಗೆ ಮುಗಿಸಿದರು: "ಕೈ ಒದ್ದೆ ಇತ್ತೇನೋ!"

ಹನ್ನೊಂದು ಜನರೂ ಮೊದಲಿಗರಾಗುವುದು ಹೇಗೆ? ಆ ಗಳಿಗೆಯಲ್ಲೇ ಸಂಘ ಹುಟ್ಟಿತು. ನಿವೃತ್ತ ಮೇಷ್ಟ್ರು ಅಧ್ಯಕ್ಷರಾದರು; ಮನೆಯ ಬೆಕ್ಕನ್ನೂ ಹಾಜರಿ ಕರೆದೇ ಒಳಗೆ ಬಿಡುವಂಥ ಮನುಷ್ಯ. ಬಳಕೆದಾರರ ಹಿತರಕ್ಷಣಾ ಸಂಘ ಎಂದು ಹೆಸರಿಟ್ಟರು.

"ಒದ್ದೆ ಕೈಯವರ ಸಂಘ ಅಂದ್ರೆ ಸಾಕು ಬಿಡಿ ಮೇಷ್ಟ್ರೇ," ಎಂದ ಲಾಂಡ್ರಿಯವನು.

ಎಲ್ಲರೂ ನಕ್ಕರು. ನಗದವರು ಇಬ್ಬರೇ. ನಗು ಮರೆತಿದ್ದ ದರ್ಜಿಯಮ್ಮ ಒಬ್ಬಳು. ಎಲ್ಲರಿಗಿಂತ ತಡವಾಗಿ, ಕಾರ್ಡಿಲ್ಲದೆ ಬಂದು ಮೂಲೆ ಹಿಡಿದಿದ್ದ ಹೆಂಗಸು ಇನ್ನೊಬ್ಬಳು. ಹೆಸರು ಕೇಳಿದ್ದಕ್ಕೆ ಅವಳು ಗಂಟಲು ಮುಟ್ಟಿಕೊಂಡು ತಲೆಯಾಡಿಸಿದಳು.

"ಪಾಪ, ಮಾತು ಬರಲ್ಲ," ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಮೇಷ್ಟ್ರ ತೀರ್ಪೆಂದ ಮೇಲೆ ಮುಗಿಯಿತು.

ಮೂರನೆಯ ಭಾನುವಾರ ಸಂಘದ ಪತ್ರಕ್ಕೆ ಕಂಪನಿಯ ಉತ್ತರ ಬಂದಿತ್ತು. ಮೇಷ್ಟ್ರು ಓದಿದರು. ತಮ್ಮ ಹನ್ನೊಂದು ಜನರ ಹೊರತು ಬೇರೆ ಯಾರಿಂದಲೂ ಎಂದೂ ದೂರು ಬಂದಿಲ್ಲ. ಬಳಸಿದವರ ಅಜಾಗರೂಕತೆಗೆ ಕಂಪನಿ ಹೊಣೆಯಲ್ಲ.

"ಅವರಿಗೆ ಮೊದಲೇ ಗೊತ್ತಿತ್ತು ಅಂತ ತೋರಿಸೋಕೆ ಆಗದಿದ್ರೆ," ಮೇಷ್ಟ್ರು ಪತ್ರ ಮಡಿಸಿದರು, "ನಾವು ಬಾಗಿಲು ಹಾಕ್ಕೊಂಡು ಮನೆಗೆ ಹೋಗೋದೇ."

ದರ್ಜಿಯಮ್ಮ ಎದ್ದಳು. "ಮೊದಲು ಇವಳನ್ನ ಕಳಿಸಿ."

"ಅಯ್ಯೋ ಬಿಡಕ್ಕಾ, ಮಾತು ಬಾರದವಳ ಮೇಲೆ ಯಾಕೆ?" ಎಂದ ಲಾಂಡ್ರಿಯವನು.

"ನಮ್ಮ ಹನ್ನೊಂದು ಜನರ ವಿಳಾಸ ಒಟ್ಟಿಗೆ ಎಲ್ಲಿದೆ ಹೇಳು? ಕಂಪನೀಲಿ. ಅಂದ್ಮೇಲೆ ಕಾರ್ಡು ಹಾಕಿದ್ದೂ ಅಲ್ಲಿಯವರೇ. ನಾವು ಏನು ಮಾಡ್ತೀವಿ ಅಂತ ಕೇಳಿಸ್ಕೊಂಡು ಬಾ ಅಂತ ಇವಳನ್ನ ಕೂರಿಸಿದ್ದಾರೆ. ಅವಳ ಕೈ ನೋಡು, ಒಂದು ಗೀರಿಲ್ಲ."

ಕೋಪದಿಂದ ಹೇಳಲಿಲ್ಲ. ತೋಳಿನ ಅಳತೆ ಹೇಳುವಂತೆ ಹೇಳಿದಳು. ಆಮೇಲೆ ಕಾಗದ, ಪೆನ್ನು ಅವಳ ಮುಂದಿಟ್ಟಳು. "ಏನಮ್ಮಾ, ನಿನ್ನ ದೂರೇನು? ಬರೆದಾದ್ರೂ ತೋರಿಸು."

ಹೆಂಗಸು ಪೆನ್ನು ಮುಟ್ಟಲಿಲ್ಲ. ಎದ್ದು ನಿಂತಳು. ದರ್ಜಿಯಮ್ಮನ ಸತ್ತ ಬೆರಳುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಯಿ ತೆರೆದಳು.

"ನಿಮ್ಮ ಕೈ ಒಣಗೇ ಇತ್ತು ಮೇಡಂ. ನಿಮಗಿಂತ ಮುಂಚೆ ಫೋನ್ ಮಾಡಿದ ನಲವತ್ತಮೂರು ಜನರದ್ದೂ ಒಣಗೇ ಇತ್ತು. ಎಲ್ಲಿಗೆ ಕರೆದ್ರೂ ಬಂದು ಹೇಳ್ತೀನಿ."

ಆ ಮೊದಲ ಭಾನುವಾರದವರೆಗೆ ಅವಳ ಮುಖವನ್ನು ಯಾರೂ ಕಂಡಿರಲಿಲ್ಲ. ಆ ದನಿಯನ್ನು ಕೇಳದ ಕಿವಿ ಮಾತ್ರ ಆ ಅಂಗಡಿಯಲ್ಲಿ ಒಂದೂ ಇರಲಿಲ್ಲ.