ಕೊಳ್ಳೇಗಾಲದ ಪರೀಕ್ಷಾ ಪೆಟ್ಟಿಗೆ

"ಮುಂದಿನ ವರ್ಷದಿಂದ ಅಮೆರಿಕದ ಇಮಾನಗಳೆಲ್ಲ ತಪಾಸಣೆಗೆ ಕೊಳ್ಳೇಗಾಲದಲ್ಲೇ ಇಳೀತವೆ, ಸಾ. ಕೆರೆ ಏರಿ ಮ್ಯಾಲೆ ಜಾಗ ನೋಡ್ಕಂಡು ಬಂದಿವ್ನಿ."

ಗುರುಮಲ್ಲಪ್ಪ ಇಷ್ಟು ಹೇಳುವುದಕ್ಕೂ, ಮೈಸೂರಿನಿಂದ ಬಂದ ರೇಡಿಯೋ ಇನ್‌ಸ್ಪೆಕ್ಟರು ಅವನ ರೇಡಿಯೋ ರಿಪೇರಿ ಅಂಗಡಿಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕುವುದಕ್ಕೂ ಸರಿಹೋಯಿತು. ಪರೀಕ್ಷೆ ಮುಗಿಯುವ ತನಕ ಯಾರೂ ಕದಲುವಂತಿಲ್ಲ ಎಂದರು.

ಹನೂರಿನಿಂದ ಯಳಂದೂರಿನವರೆಗಿನ ಪಂಚಾಯಿತಿ ರೇಡಿಯೋಗಳ ರಿಪೇರಿ ಗುತ್ತಿಗೆ ಇವತ್ತು ತೀರ್ಮಾನವಾಗಬೇಕಿತ್ತು. ಸಿಕ್ಕರೆ ಅಂಗಡಿ ಉಳಿಯಿತು. ಮೋಸ ಕಂಡರೆ ಲೈಸೆನ್ಸು ಹೋಯಿತು.

ಅಂಗಡಿಯ ನಡುವೆ ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆ. ಎದುರಿಗೆ ಜಾಲರಿ, ಸ್ಪೀಕರು, ಸೆಟ್ಟಿಗೆ ಸಿಕ್ಕಿಸುವ ವೈರುಗಳು. ವಿಮಾನದ ಯಂತ್ರಗಳನ್ನು ಪರೀಕ್ಷಿಸಲು ಅಮೆರಿಕದವರು ಒಂದೇ ಭಾಷೆ ಕಟ್ಟುತ್ತಿದ್ದಾರೆ, ಯಾವ ಕಂಪನಿಯ ಯಂತ್ರಕ್ಕೂ ಅವೇ ಪದ, ಅದೇ ಕ್ರಮ ಎಂದು ಗುರುಮಲ್ಲಪ್ಪ ಪೇಪರಿನಲ್ಲಿ ಓದಿದ್ದ. ಅವರಿಗಿಂತ ಮುಂಚೆ ಅದನ್ನು ಕನ್ನಡದಲ್ಲಿ ಕಟ್ಟಿದವನು ತಾನೇ, ಆ ಪದಗಳನ್ನು ಹೇಳಿದರೆ ಕೆಟ್ಟ ರೇಡಿಯೋದ ರೋಗವನ್ನು ಈ ಪೆಟ್ಟಿಗೆ ತಾನಾಗಿ ಹೇಳುತ್ತದೆ ಎಂದು ಸಂತೆಯಲ್ಲೆಲ್ಲ ಸಾರಿಕೊಂಡು ಬಂದಿದ್ದ.

ಏಪ್ರಿಲ್ ಸೆಕೆ. ಇನ್‌ಸ್ಪೆಕ್ಟರು ಕಾಫಿ ಕೇಳಿದರು. ಹೆಂಡತಿ ಯಳಂದೂರಿಗೆ, ತವರಿಗೆ ಹೋಗಿದ್ದಾಳೆ ಎಂದ ಗುರುಮಲ್ಲಪ್ಪ. ಮೆಷಿನ್ ಬಿಸಿಯಾಗುತ್ತದೆ, ಕಿಟಕಿಯನ್ನಾದರೂ ತೆರೆಯೋಣ ಎಂದು ಎರಡು ಸಲ ಬೇಡಿದ. ಅವರು ಒಪ್ಪಲಿಲ್ಲ. ಪೆಟ್ಟಿಗೆಯ ಒಳಗೆ ಟೇಪ್ ರೆಕಾರ್ಡರ್ ಇದೆಯೆಂದು ಅವರಿಗೆ ಖಾತ್ರಿಯಾಗಿತ್ತು.

"ಭಾಷೆ ಎಲ್ಲರಿಗೂ ಒಂದೇ ತಾನೆ? ನಾನು ಹೇಳ್ತೀನಿ. ನೀನು ಬಾಯಿ ಮುಚ್ಕೊಂಡು ಮೂಲೇಲಿ ನಿಲ್ಲು."

ಬೆಂಚಿನ ಮೇಲೆ ಸತ್ತ ರೇಡಿಯೋ ತಬ್ಬಿಕೊಂಡು ಕೂತಿದ್ದ ಮುದುಕಿಯ ಊರು, ಹೆಸರು ಕೇಳಿಕೊಂಡು, ಅವಳ ಸೆಟ್ಟಿಗೆ ವೈರು ಸಿಕ್ಕಿಸಿ, ಇನ್‌ಸ್ಪೆಕ್ಟರು ಜಾಲರಿಗೆ ಬಾಯಿ ಇಟ್ಟು ಪೆಟ್ಟಿಗೆಯ ಮೇಲೆ ಬರೆದಿದ್ದ ಕ್ರಮದಲ್ಲೇ ಹೇಳಿದರು. "ಮಾಲೀಕರು, ಧನಗೆರೆಯ ಕೆಂಪಾಜಮ್ಮ. ಕರೆಂಟು ಕೊಡು. ಅಳೆ. ಹೋಲಿಸು. ಹೇಳು."

ಒಬ್ಬರ ಸೆಟ್ಟಿನ ರೋಗ ಇನ್ನೊಬ್ಬರದಕ್ಕೆ ಅಂಟಬಾರದೆಂದು ಉತ್ತರದಲ್ಲಿ ಮಾಲೀಕರ ಹೆಸರು ಮೊದಲು ಬರಬೇಕು. ಅದು ಆ ಭಾಷೆಯ ಕಟ್ಟಳೆ. ಸ್ಪೀಕರಿನಿಂದ ತಗಡಿನಂಥ ದನಿ ಬಂತು: "ಮಾಲೀಕರು, ಧನಗೆರೆಯ ಕೆಂಪಾಜಮ್ಮ. ಔಟ್‌ಪುಟ್ ವಾಲ್ವು ಹೋಗಿದೆ."

ಬಿಚ್ಚಿ ನೋಡಿದರೆ ನಿಜ. ಟೇಪಿಗೆ ಮುದುಕಿಯ ಹೆಸರು ಹೇಗೆ ಗೊತ್ತು? ಇನ್‌ಸ್ಪೆಕ್ಟರು ಜೀಪಿನಲ್ಲಿ ತಂದಿದ್ದ ಸೆಟ್ಟು ಇಟ್ಟರು. ಅದರ ವೈರನ್ನು ತಾವೇ ಕತ್ತರಿಸಿಟ್ಟಿದ್ದರು. ಪೆಟ್ಟಿಗೆ ಅದನ್ನೂ ಹೇಳಿತು. ಅವರು ಗುತ್ತಿಗೆಗೆ ಸಹಿ ಹಾಕಲು ಜೇಬಿನಿಂದ ಪೆನ್ನು ತೆಗೆದರು.

ಗುರುಮಲ್ಲಪ್ಪ ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಬಿಳಿಗಿರಿರಂಗನ ಬೆಟ್ಟದ ಹುಲಿಗೆ ಗಂಟಲು ಕಟ್ಟಿದರೂ ಇದು ಪತ್ತೆ ಹಚ್ಚುತ್ತದೆ ಎಂದ.

ಇನ್‌ಸ್ಪೆಕ್ಟರು ಪೆನ್ನು ಮುಚ್ಚಿದರು. ಕಪಾಟಿನ ಮೇಲೆ ಗುರುಮಲ್ಲಪ್ಪನ ಸ್ವಂತದ ರೇಡಿಯೋ ಕೆಟ್ಟು ಕೂತಿತ್ತು. ಅದು ಬೇಡ, ಹಳೇದು ಎನ್ನುವಷ್ಟರಲ್ಲಿ ಇಳಿಸಿ ವೈರು ಸಿಕ್ಕಿಸಿಯಾಗಿತ್ತು.

"ಮಾಲೀಕರು, ಕೊಳ್ಳೇಗಾಲದ ಗುರುಮಲ್ಲಪ್ಪ. ಕರೆಂಟು ಕೊಡು. ಅಳೆ. ಹೋಲಿಸು. ಹೇಳು."

ಪೆಟ್ಟಿಗೆ ತೆಪ್ಪಗಿತ್ತು. ಇನ್ನೊಮ್ಮೆ ಹೇಳಿದರು. ಸದ್ದಿಲ್ಲ. ಗುರುಮಲ್ಲಪ್ಪನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಬಾಗಿಲ ಕಡೆ ನೋಡಿದ. ಅಗುಳಿಯ ಮುಂದೆ ಇನ್‌ಸ್ಪೆಕ್ಟರ ಡ್ರೈವರು ನಿಂತಿದ್ದ.

"ಮಾಲೀಕರ ಹೆಸರು ಹೇಳು," ಇನ್‌ಸ್ಪೆಕ್ಟರು ಗದರಿದರು.

ಸ್ಪೀಕರು ಒಮ್ಮೆ ಕೆಮ್ಮಿತು. "ಮಾಲೀಕರು... ನಮ್ಮನೆಯವರು. ರೆಕ್ಟಿಫೈಯರ್ ಸುಟ್ಟಿದೆ."

ಕೆಂಪಾಜಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಗಂಡನ ಎಸರು ಎಂಗ್ ಏಳಾಳು, ಬುಡಿ ಸಾ."

ಗುರುಮಲ್ಲಪ್ಪ ಪೆಟ್ಟಿಗೆಯ ಹಿಂದಿನ ಚಿಲಕ ತೆಗೆದ. "ನನ್ ಎಂಡ್ತಿ ಶಿವರತ್ನಮ್ಮ, ಸಾ. ರಿಪೇರಿಯೆಲ್ಲ ಅವಳ್ದೇ. ನಂಗೆ ಬಲ್ಬು ಆಕೋಕೂ ಬರಾಕಿಲ್ಲ."