ಒಬ್ಬರ ಗಾಳಿ

2094ರ ಜುಲೈ 1, ಮಧ್ಯಾಹ್ನ 3.40. ಬೆಳಿಗ್ಗೆಯಷ್ಟೇ ಸ್ನಾತಕೋತ್ತರ ತರಬೇತಿಗೆ ಸೇರಿದ್ದ ಡಾಕ್ಟರ್ ತಿಪ್ಪೇಶ ಏದುಸಿರು ಬಿಡುತ್ತ ಕಚೇರಿಯೊಳಗೆ ಬಂದ.

"ಅಕ್ಕ, ನನ್ನ ರೂಮಿಗೆ ಗಾಳಿನೇ ಬರ್ತಿಲ್ಲ."

ವಿಭಾಗದ ಜಾಲತಾಣ ನೋಡಿಕೊಳ್ಳುವ ವಾರಿಜಾ ತಕ್ಷಣ ತರಬೇತಿ ವೈದ್ಯರ ಹೆಸರುಗಳ ಪುಟ ತೆರೆದಳು. ಹೊರಗಿನ ಗಾಳಿ ಉಸಿರಾಡಲು ಯೋಗ್ಯವಲ್ಲ; ಆಸ್ಪತ್ರೆಯ ಗಾಳಿಯಂತ್ರ ಆ ಪುಟದಲ್ಲಿ ಹೆಸರಿದ್ದವರಿಗೆ ಮಾತ್ರ ಪಾಲು ಕೊಡುತ್ತದೆ. ಅವಳು ಕಳೆದ ವರ್ಷದ ಪುಟವನ್ನೇ ನಕಲು ಮಾಡಿ, ಇಸವಿಯನ್ನಷ್ಟೇ ತಿದ್ದಿದ್ದಳು. ಈಗ ಅವಸರದಲ್ಲಿ ಅವನ ಹೆಸರು ಸೇರಿಸಿದಳು. ಆದರೆ ಯಂತ್ರ ಪುಟವನ್ನು ಮತ್ತೆ ಓದುವುದು ಸಂಜೆ ಆರಕ್ಕೆ.

"ಅರ್ಜಿ ಹಾಕೋವಾಗ ಹತ್ತು ಕಾಲೇಜಿನ ಪುಟ ನೋಡಿದ್ದೆ. ನಿಮ್ದೇ ಅಚ್ಚುಕಟ್ಟಾಗಿತ್ತು, ಅದಕ್ಕೇ ಇಲ್ಲಿಗೆ ಬಂದೆ" ಎಂದು ಅವನು ನಗಲು ನೋಡಿದ. "ಇಲ್ಲಿರೋದು ನಿಮ್ಮೊಬ್ಬರ ಗಾಳಿ. ನಾನು ಹೊರಡ್ತೀನಿ."

"ಎಲ್ಲಿಗೆ ಡಾಕ್ಟ್ರೇ? ಎಲ್ಲಾ ಕೋಣೆಗೂ ಅಳತೆಯ ಗಾಳಿನೇ. ಸುಮ್ನೆ ಕೂತ್ಕೊಳ್ಳಿ, ಮಾತಾಡ್ಬೇಡಿ."

ಅವಳು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಮ್ಲಜನಕ ಶೇಕಡ ಹತ್ತಕ್ಕಿಳಿದರೆ ಪ್ರಜ್ಞೆ ತಪ್ಪುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಐದೂ ಕಾಲಿಗೆ ಅವನ ತುಟಿ ನೀಲಿಗಟ್ಟಿತ್ತು. ಗೋಡೆಯ ಮಾಪಕ ತೋರಿಸುತ್ತಿದ್ದುದು ಶೇಕಡ 11.2; ಆರಾಗಲು ಇನ್ನೂ ಮುಕ್ಕಾಲು ಗಂಟೆಯಿತ್ತು.