ಸಾಯಬೇಕಿದ್ದ ಇಪ್ಪತ್ತು ಕಡಲೆ ಗಿಡಗಳು

ಗಿಡ ಸಾಯಲಿಲ್ಲ ಅಂತ ಬಿಕ್ಕಿ ಬಿಕ್ಕಿ ಅತ್ತವರನ್ನು ನೀವು ನೋಡಿದ್ದೀರಾ?
ನಾನು ನೋಡಿದ್ದೇನೆ...

ಪುರುಸೊತ್ತಿಲ್ಲದಿದ್ದರೆ ಓದಬೇಡಿ. ಆದರೆ ಅರ್ಧ ಓದಿ ಫಾರ್ವರ್ಡ್ ಮಾತ್ರ ಮಾಡಬೇಡಿ ಮಾರಾಯ್ರೇ.

ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದ ಲ್ಯಾಬ್. ಬೇರಿನ ಸುತ್ತ ಮಣ್ಣಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಗಿಡಕ್ಕೆ ಹೇಗೆ ನೆರವಾಗುತ್ತವೆ ಎಂದು ನೋಡುವುದು ನಮ್ಮ ಕೆಲಸವಾಗಿತ್ತು.

ನನ್ನ ಜೊತೆ ಪಿಎಚ್‌ಡಿ ಮಾಡುತ್ತಿದ್ದವಳು ನೀಲಗಂಗಾ. ಕಡಲೆಯ ಸೊರಗು ರೋಗವನ್ನು ತಡೆಯುವ ಬ್ಯಾಕ್ಟೀರಿಯಾ ಒಂದು ಅವಳಿಗೆ ಸಿಕ್ಕಿತ್ತು. ನಾಲ್ಕು ವರ್ಷ ಅದರ ಬೆನ್ನು ಬಿದ್ದಿದ್ದಳು.

ಅದು ಅವಳ ಕೊನೆಯ ಪ್ರಯೋಗ. ನಲವತ್ತು ಕುಂಡ. ಎಲ್ಲದರ ಮಣ್ಣಿಗೂ ರೋಗದ ಶಿಲೀಂಧ್ರ ಬೆರೆಸಿದ್ದಳು. ಇಪ್ಪತ್ತರಲ್ಲಿ ಬ್ಯಾಕ್ಟೀರಿಯಾ ಹಚ್ಚಿದ ಬೀಜ, ಇನ್ನಿಪ್ಪತ್ತರಲ್ಲಿ ಹಚ್ಚದೆ ಬರೀ ನೀರಲ್ಲಿ ಅದ್ದಿದ ಬೀಜ.

ಹಚ್ಚದವು ಸಾಯಬೇಕು, ಹಚ್ಚಿದವು ಬದುಕಬೇಕು. ಆಗಲೇ ಇದು ಬ್ಯಾಕ್ಟೀರಿಯಾದ ಕೆಲಸ ಎಂದು ಹೇಳಲು ಬರುವುದು.

ಮೂವತ್ತೈದನೇ ದಿನ ಬೆಳಿಗ್ಗೆ ಕುಂಡಗಳಿದ್ದ ನೆಟ್ ಹೌಸ್‌ಗೆ ಹೋಗಿ ನೋಡಿದರೆ... ನಲವತ್ತೂ ಹಸಿರಾಗಿ ನಿಂತಿವೆ! ಹಾಳಾದವು, ಹೂವು ಬೇರೆ ಬಿಡುತ್ತಿದ್ದವು.

ನೀಲಗಂಗಾ ನೆಲದ ಮೇಲೆ ಕುಸಿದಳು. "ಸಾಯ್ರಿ... ಒಂದರ ಸಾಯ್ರಿ..." ಎಂದು ಗಿಡಗಳ ಮುಂದೆ ಅಳುತ್ತಿದ್ದಳು.

ಅವಳಿಗೆ ಒಮ್ಮೆ ಅವಧಿ ವಿಸ್ತರಣೆ ಸಿಕ್ಕಾಗಿತ್ತು. ತಪ್ಪು ಅವಳದೇ ಆಗಿದ್ದರೆ ಕಮಿಟಿ ಮತ್ತೊಂದು ಅವಕಾಶ ಕೊಡುವ ಮಾತೇ ಇರಲಿಲ್ಲ. ಪಿಎಚ್‌ಡಿ ಅಲ್ಲಿಗೆ ಮುಗಿದ ಹಾಗೆ.

ನಮ್ಮ ಗೈಡ್ ಬೆಳವಡಿ ಸರ್ ಎಲ್ಲರನ್ನೂ ಕರೆದರು. "ನೀರು ಹಾಕಿದವರು ಯಾರು?"

ಎಲ್ಲರ ಕಣ್ಣೂ ಫಕೀರವ್ವನ ಕಡೆ ತಿರುಗಿದವು. ಗುತ್ತಿಗೆ ಮೇಲೆ ಕೆಲಸಕ್ಕಿದ್ದ ಐವತ್ತು ದಾಟಿದ ಹೆಂಗಸು. ಹಚ್ಚಿದ ಕುಂಡಗಳಿಗೆ ಕೆಂಪು ಮಗ್, ಹಚ್ಚದವಕ್ಕೆ ನೀಲಿ ಮಗ್... ಅದಲುಬದಲಾದರೆ ಬ್ಯಾಕ್ಟೀರಿಯಾ ದಾಟಿಬಿಡುತ್ತದೆ.

ಫಕೀರವ್ವ ಒಮ್ಮೆ ನೀಲಗಂಗಾಳ ಮುಖ ನೋಡಿದಳು. ಆಮೇಲೆ ಹೇಳಿದಳು...

"ನಂದ ತಪ್ಪರೀ ಸರ. ಮಗ್ ಅದಲಿಬದಲಿ ಆಗ್ಯಾವ."

"ನನ್ನ ನಾಲ್ಕ ವರ್ಷ ಮಣ್ಣಪಾಲು ಮಾಡಿದ್ಯಲ್ಲ! ನಿನಗ ಕಣ್ಣಿಲ್ಲೇನು?" ಎಂದು ನೀಲಗಂಗಾ ಎಲ್ಲರೆದುರು ಕೂಗಾಡಿದಳು. ಫಕೀರವ್ವ ಎರಡೂ ಮಗ್ ತೊಳೆದಿಟ್ಟು ಹೊರಗೆ ನಡೆದಳು.

ಮರುದಿನದಿಂದ ಅವಳಿಗೆ ಕೆಲಸವಿಲ್ಲ. ತಪ್ಪು ಸಿಬ್ಬಂದಿಯದು ಎಂದು ಕಮಿಟಿ ನೀಲಗಂಗಾಳಿಗೆ ಇನ್ನೂ ಆರು ತಿಂಗಳು ಕೊಟ್ಟಿತು.

ಭಾನುವಾರ, ಅವಳು ಬಿಟ್ಟುಹೋಗಿದ್ದ ಬುತ್ತಿ ಡಬ್ಬಿ ಕೊಡಲು ನಾನು ಫಕೀರವ್ವನ ಮನೆಗೆ ಹೋದೆ. ಚಹಾ ಕೊಟ್ಟಳು.

"ಮಗ್ ಖರೇನ ಅದಲಿಬದಲಿ ಆಗಿದ್ವೇನು?" ಎಂದು ಕೇಳಿದೆ.

"ಎಲ್ಲೀದು ತಮ್ಮಾ? ಹನ್ನೊಂದ ವರ್ಷದಾಗ ಒಮ್ಮಿನೂ ಆಗಿಲ್ಲ."

"ಮತ್ತ ಯಾಕ ಒಪ್ಕೊಂಡಿ?"

"ಬಿತ್ತೋ ದಿನ ಬೀಜ ಒಣಗಸಾಕ ಎರಡು ಟ್ರೇ ಬೇಕು, ಹೌದಿಲ್ಲೋ? ಹಚ್ಚಿದ್ದಕ್ಕೊಂದು, ಹಚ್ಚದ್ದಕ್ಕೊಂದು. ಆವತ್ತ ತೊಳಿಯಾಕ ನನ್ನ ಕಡೆ ಬಂದಿದ್ದು ಒಂದ ಟ್ರೇ."

ನಾನು ಚಹಾದ ಲೋಟ ಕೆಳಗಿಟ್ಟೆ.

"ಆ ಹುಡುಗಿ ಮಾರಿ ನೋಡಿದಿ? ತಪ್ಪು ತನ್ನದ ಅಂತ ಗೊತ್ತಾದ್ರ ಏನರ ಮಾಡ್ಕೊಂಡಾಳು ಅಂತ ನನಗ ಎದಿ ಝಲ್ ಅಂತು. ನಂದು ಅಂದ್ರ ಬರೇ ಕೆಲಸ ಹೊಕ್ಕೈತಿ..."

ಆಮೇಲೆ ಮೆಲ್ಲಗೆ ಕೇಳಿದಳು:

"ಆವತ್ತ ನೀನೂ ಅಲ್ಲೇ ಇದ್ದೆಲ್ಲಾ, ತಮ್ಮಾ?"

ಇದ್ದೆ...

ಅಲ್ಲೇ ಕೂತು ಕುಂಡಗಳಿಗೆ ಲೇಬಲ್ ಅಂಟಿಸುತ್ತಿದ್ದೆ. ಬ್ಯಾಕ್ಟೀರಿಯಾ ಹಚ್ಚಿದ ಬೀಜ ಒಣಗಿದ ಮೇಲೆ ನೀಲಗಂಗಾ ಅವಸರದಲ್ಲಿ ಅದೇ ಟ್ರೇಯನ್ನು ಬಟ್ಟೆಯಿಂದ ಒರೆಸಿ, ಹಚ್ಚದ ಬೀಜ ಹರಡಿದ್ದಳು. ನಾನು ಕಣ್ಣಾರೆ ನೋಡಿದ್ದೆ. ಒರೆಸಿದರೆ ಬ್ಯಾಕ್ಟೀರಿಯಾ ಹೋಗುವುದಿಲ್ಲ, ಆ ಬೀಜಕ್ಕೂ ಅಂಟುತ್ತದೆ ಎಂದು ಗೊತ್ತಿತ್ತು.

ನಮಗ್ಯಾಕೆ ಉಸಾಬರಿ ಎಂದು ಸುಮ್ಮನಾದೆ. ನಿಜ ಹೇಳಬೇಕೆಂದರೆ, ಅವಳ ಕೆಲಸ ನನ್ನದಕ್ಕಿಂತ ಮುಂದಿತ್ತು... ಹೊಟ್ಟೆಕಿಚ್ಚು. ಫಕೀರವ್ವನನ್ನು ಎಲ್ಲರೆದುರು ನಿಲ್ಲಿಸಿದ ದಿನವೂ ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಸೋಮವಾರ ನೀಲಗಂಗಾಳಿಗೆ ಎಲ್ಲ ಹೇಳಿದೆ. ಕೆನ್ನೆಗೆ ಬಾರಿಸುತ್ತಾಳೆ ಅಂದುಕೊಂಡಿದ್ದೆ. ಬಾರಿಸಿದ್ದರೆ ಚೆನ್ನಾಗಿತ್ತು.

"ಹೌದು... ಒರೆಸಿದ್ದೆ. ತೊಳಿಲಿಲ್ಲ," ಎಂದಳು. "ಆಕಿಗೆ ಕಣ್ಣಿಲ್ಲೇನು ಅಂದ್ನಲ್ಲೋ ನಾನು..."

ಎದ್ದು ಸರ್ ಕೋಣೆ ಕಡೆ ಹೊರಟಳು. "ಆರು ತಿಂಗಳು ಹೋಗ್ತಾವು, ಸ್ವಲ್ಪ ವಿಚಾರ ಮಾಡು," ಎಂದೆ. ತಿರುಗಿಯೂ ನೋಡಲಿಲ್ಲ. ನಾನೂ ಹಿಂದೆ ಹೋಗಿ ನಿಂತೆ.

ಕಮಿಟಿ ಕೊಟ್ಟಿದ್ದನ್ನು ವಾಪಸ್ ತೆಗೆದುಕೊಂಡಿತು. ಫಕೀರವ್ವನಿಗೆ ಕೆಲಸ ಮರಳಿ ಸಿಕ್ಕಿತು.

ಅವಳು ಬಂದ ದಿನ ನೀಲಗಂಗಾ ಓಡಿಹೋಗಿ ಕಾಲು ಹಿಡಿದಳು. ಫಕೀರವ್ವ ಎತ್ತಿ ನಿಲ್ಲಿಸಿ ಬೈದಳು.

"ಹುಚ್ಚಿ! ಸುಮ್ನಿದ್ದಿದ್ರ ಡಾಕ್ಟರ್ ಆಕ್ಕಿದ್ದಿ!"

"ನಿನ್ನ ಅನ್ನ ಕಸಗೊಂಡು ನಾ ಎಂಥಾ ಡಾಕ್ಟರ್ ಆಗ್ಲಿ ಯವ್ವಾ..."

ಇಬ್ಬರೂ ತಬ್ಬಿಕೊಂಡು ಅತ್ತರು. ಇಡೀ ಲ್ಯಾಬ್ ನಿಂತು ನೋಡಿತು. ಸಂಜೆಯ ಹೊತ್ತಿಗೆ ನೀಲಗಂಗಾ ಪುಸ್ತಕ ಕಟ್ಟಿಕೊಂಡು ಹೋಗಿಬಿಟ್ಟಳು. ಡಿಗ್ರಿ ಸಿಗಲಿಲ್ಲ.

ನನಗೆ ಸಿಕ್ಕಿತು. ಮುಂದಿನ ವರ್ಷವೇ. ಈಗ ಎಲ್ಲರೂ ನನ್ನನ್ನು ಡಾಕ್ಟರ್ ಅಂತಲೇ ಕರೆಯುತ್ತಾರೆ... ಕರೆದಾಗಲೆಲ್ಲ ನೆಲ ನೋಡುತ್ತೇನೆ.

*ನಿಜ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರೆ, ಅದರ ಶಿಕ್ಷೆ ಬೇರೆ ಯಾರೋ ಅನುಭವಿಸುತ್ತಾರೆ.*

ನೀವು ಸುಮ್ಮನಿದ್ದ ಕಾರಣಕ್ಕೆ ಬೈಸಿಕೊಂಡವರು ಯಾರಾದರೂ ಇದ್ದಾರಾ? ಅವರ ಫೋನ್ ನಂಬರ್ ಇನ್ನೂ ನಿಮ್ಮ ಹತ್ತಿರ ಇದೆಯಾ?